ಬೈಕಿನ ಆಯಿಲ್ ದೀಪ ಹೊತ್ತಿದಾಗ: ಲಕ್ಷಣ ನೋಡಿ ದೋಷ ಹಿಡಿಯುವ ಕ್ರಮ

ಮೀಟರ್‌ನಲ್ಲಿ, ಮೂತಿಯಿಂದ ಒಂದು ಹನಿ ತೊಟ್ಟಿಕ್ಕುತ್ತಿರುವ ಗಿಂಡಿಯಂತಹ ಕೆಂಪು ಚಿಹ್ನೆ ಹೊತ್ತಿಕೊಂಡರೆ, ಹೆಚ್ಚಿನ ಸವಾರರಿಗೆ ಮೊದಲು ತೋಚುವುದು ‘ಆಯಿಲ್ ಕಡಿಮೆಯಾಗಿರಬೇಕು, ಊರು ತಲುಪಿದ ಮೇಲೆ ಹಾಕಿಸಿದರಾಯಿತು’ ಎಂಬುದು. ಇದರಲ್ಲಿ ಎರಡು ತಪ್ಪುಗಳಿವೆ. ಬಹುಪಾಲು ಬೈಕುಗಳಲ್ಲಿ ಆ ಕೆಂಪು ದೀಪ ಆಯಿಲ್ ಎಷ್ಟಿದೆ ಎಂಬುದನ್ನು ಅಳೆಯುವುದೇ ಇಲ್ಲ. ಪಂಪು ಕಳುಹಿಸಿದ ಆಯಿಲ್ ಎಂಜಿನ್ನಿನೊಳಗಿನ ಸಣ್ಣ ದಾರಿಗಳಲ್ಲಿ ಒತ್ತಡದಿಂದ ಹರಿಯುತ್ತಿದೆಯೇ ಎಂಬುದನ್ನಷ್ಟೇ ಅದು ಗಮನಿಸುತ್ತದೆ. ಎರಡನೆಯದಾಗಿ, ಆ ಒತ್ತಡ ನಿಜಕ್ಕೂ ಇಲ್ಲವಾಗಿದ್ದರೆ ಊರು ತಲುಪುವಷ್ಟು ಹೊತ್ತು ಎಂಜಿನ್ ಉಳಿಯುವುದಿಲ್ಲ. ಎಂಜಿನ್ನಿನೊಳಗೆ ತಿರುಗುವ ದಂಡಗಳಾದ ಕ್ರ್ಯಾಂಕ್ ಮತ್ತು ಕ್ಯಾಮ್ ಶಾಫ್ಟುಗಳು ತಮ್ಮ ಬೇರಿಂಗುಗಳೊಳಗೆ ಕೂದಲಿಗಿಂತ ತೆಳುವಾದ ಆಯಿಲ್ ಪದರದ ಮೇಲೆ ತಿರುಗುತ್ತಿರುತ್ತವೆ. ಆ ಪದರ ಹರಿದುಹೋದರೆ ಲೋಹಕ್ಕೆ ಲೋಹ ತಾಗಿ, ಹೆದ್ದಾರಿಯ ವೇಗದಲ್ಲಿ ಒಂದೆರಡು ನಿಮಿಷಗಳಲ್ಲೇ ಎಂಜಿನ್ ಸೀಜ್ ಆಗಬಹುದು, ಅಂದರೆ ಬಿಗಿದು ನಿಂತುಬಿಡಬಹುದು.

ಆದ್ದರಿಂದ, ದೀಪ ಸುಳ್ಳು ಹೇಳುತ್ತಿದೆ ಎಂದು ಪರೀಕ್ಷೆಯಿಂದ ಖಚಿತವಾಗುವವರೆಗೆ ಅದು ನಿಜ ಹೇಳುತ್ತಿದೆ ಎಂದೇ ನಡೆದುಕೊಳ್ಳಬೇಕು. ಇಲ್ಲಿ ಹೇಳಿರುವ ಪರೀಕ್ಷೆಗಳೆಲ್ಲ ಆ ಮಾತಿನ ಮೇಲೆ ನಿಂತಿವೆ; ಖರ್ಚಿಲ್ಲದ, ಕೈಗೆ ಸುಲಭವಾದ ಪರೀಕ್ಷೆಗಳು ಮೊದಲು, ಎಂಜಿನ್ ಬಿಚ್ಚುವ ಮಾತು ಕೊನೆಗೆ.

ಓಡುತ್ತಿರುವಾಗಲೇ ದೀಪ ಹೊತ್ತಿಕೊಂಡರೆ

ಕ್ಲಚ್ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಎಡಗಡೆಯ ಇಂಡಿಕೇಟರ್ ಹಾಕಿ ರಸ್ತೆಯ ಅಂಚಿಗೆ ಬರುತ್ತಲೇ ಕಿಲ್ ಸ್ವಿಚ್ ಒತ್ತಿ ಎಂಜಿನ್ ನಿಲ್ಲಿಸಿ. ಬೈಕಿನ ಬ್ರೇಕುಗಳು ಎಂಜಿನ್ನಿನ ನೆರವಿಲ್ಲದೆಯೇ ಕೆಲಸ ಮಾಡುವುದರಿಂದ ಎಂಜಿನ್ ಆರಿದ ಮೇಲೂ ಬೈಕನ್ನು ನಿಲ್ಲಿಸಬಹುದು. ಆದರೆ ಶಿರಾಡಿ, ಚಾರ್ಮಾಡಿ, ಆಗುಂಬೆಯಂತಹ ಘಾಟಿಯ ಇಳಿಜಾರಿನಲ್ಲಿ ‘ಎಂಜಿನ್ ಆರಿಸಿ ಹಾಗೆಯೇ ಕೆಳಗಿನವರೆಗೆ ಉರುಳಿಸಿಕೊಂಡು ಹೋಗೋಣ’ ಎಂಬ ಸಾಹಸ ಬೇಡ. ಎಂಜಿನ್ನಿನ ಹಿಡಿತವಿಲ್ಲದೆ ಬ್ರೇಕಿನ ಮೇಲೆಯೇ ಇಳಿದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ತಿರುವಿನಲ್ಲಿ ನಿಲ್ಲಬೇಡಿ, ಹಿಂದಿನಿಂದ ಬರುವವರಿಗೆ ದೂರದಿಂದಲೇ ಕಾಣುವ ಜಾಗ ನೋಡಿ ನಿಲ್ಲಿಸಿ, ಬೈಕಿನಿಂದ ಇಳಿದು ರಸ್ತೆಯಿಂದ ದೂರ ಸರಿಯಿರಿ.

ನಿಂತ ಮೇಲೆ ‘ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ’ ಎಂದು ಕೈ ತುರಿಸುತ್ತದೆ. ಆಯಿಲ್ ಮಟ್ಟ ನೋಡುವ ಮೊದಲು ಅದನ್ನು ಮಾಡಬೇಡಿ. ದೀಪ ಹೊತ್ತುವ ಸ್ವಲ್ಪ ಮೊದಲು ಎಂಜಿನ್ನಿನಿಂದ ಕಟಕಟ ಎಂಬ ಹೊಸ ಸದ್ದು ಬಂದಿದ್ದರೆ, ಎಂಜಿನ್ ತಾನಾಗಿಯೇ ಬಿಗಿದಂತಾಗಿ ನಿಂತಿದ್ದರೆ, ಅಥವಾ ಬೈಕಿನ ಕೆಳಗೆ ಆಯಿಲ್ ಸುರಿಯುತ್ತಿದ್ದರೆ, ರಸ್ತೆಬದಿಯ ಪರೀಕ್ಷೆ ಅಲ್ಲಿಗೇ ಮುಗಿಯಿತು. ಗೂಡ್ಸ್ ಆಟೊ ಕರೆಸಿ ಬೈಕನ್ನು ಏರಿಸಿಕೊಂಡು ಹೋಗಿ. ಇನ್ನೊಬ್ಬರು ತಮ್ಮ ಬೈಕಿನ ಮೇಲೆ ಕುಳಿತು ಕಾಲು ಕೊಟ್ಟು ತಳ್ಳಿಕೊಂಡು ಬರುವ ಅಭ್ಯಾಸ ನಮ್ಮಲ್ಲಿ ಬಹಳವಿದೆ, ಆದರೆ ಹೆದ್ದಾರಿಯಲ್ಲಿ ಅದು ಇಬ್ಬರ ಜೀವಕ್ಕೂ ಅಪಾಯ. ಆಯಿಲ್ ಹಿಂದಿನ ಟೈರಿಗೆ ಸಿಡಿದಿದ್ದರಂತೂ ಹತ್ತು ಅಡಿಯನ್ನೂ ಓಡಿಸಬೇಡಿ.

ನಿಮ್ಮ ಬೈಕಿನ ದೀಪ ಯಾವ ಬಗೆಯದು?

ಆಯಿಲ್‌ಗೆ ಸಂಬಂಧಿಸಿದ ದೀಪಗಳು ಮೂರು ಬಗೆ. ಮೊದಲನೆಯದು ಒತ್ತಡದ ದೀಪ. ರಾಯಲ್ ಎನ್‌ಫೀಲ್ಡ್‌ನ 650 ಸಿಸಿ ಅವಳಿ ಸಿಲಿಂಡರಿನ ಬೈಕುಗಳಲ್ಲಿ, ಕೆಟಿಎಂ 390 ಡ್ಯೂಕ್‌ನಲ್ಲಿ ಇರುವುದು ಇದೇ. ಎರಡನೆಯದು ಮಟ್ಟದ ದೀಪ. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಜಾಗವಾದ ಸಂಪ್‌ನಲ್ಲಿ ಆಯಿಲ್ ನಿಗದಿತ ಗೆರೆಗಿಂತ ಕೆಳಗೆ ಇಳಿದಾಗ ಇದು ಹೊತ್ತುತ್ತದೆ. ಮೂರನೆಯದು ಎಚ್ಚರಿಕೆಯ ದೀಪವೇ ಅಲ್ಲ, ಇಷ್ಟು ಕಿಲೋಮೀಟರ್ ಓಡಿತು, ಸರ್ವಿಸ್ ಮಾಡಿಸಿ ಎಂಬ ಜ್ಞಾಪನೆ. ಸಾಮಾನ್ಯವಾಗಿ ಸ್ಪ್ಯಾನರ್ ಚಿಹ್ನೆಯೊಂದಿಗೆ ಬರುತ್ತದೆ. ಕೆಲವು ಹಳೆಯ ಬೈಕುಗಳಲ್ಲಿ ಆಯಿಲ್ ಒತ್ತಡಕ್ಕೂ ಎಂಜಿನ್ ಕಾವಿಗೂ ಒಂದೇ ಕೆಂಪು ದೀಪವಿರುವುದುಂಟು. ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿ ನಿಮ್ಮದು ಯಾವುದು ಎಂದು ಇಂದೇ ನೋಡಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಪ್ರತಿ ಹೆಜ್ಜೆಯೂ ಇದನ್ನು ಅವಲಂಬಿಸಿದೆ. ಸ್ಪ್ಲೆಂಡರ್‌ನಂತಹ 100 ಸಿಸಿ ಬೈಕುಗಳಿಗೆ ಈ ದೀಪವೇ ಇಲ್ಲ; ಅವುಗಳ ಸವಾರರಿಗೆ ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕೇ ದೀಪ.

ಒತ್ತಡದ ದೀಪ ಕೆಲಸ ಮಾಡುವ ಬಗೆ ಸರಳವಾಗಿದೆ. ಎಂಜಿನ್ನಿನ ಆಯಿಲ್ ದಾರಿಗೆ ಒಂದು ಪುಟ್ಟ ಸ್ವಿಚ್ಚನ್ನು ತಿರುಚಿ ಕೂರಿಸಿರುತ್ತಾರೆ. ಒತ್ತಡ ಇಲ್ಲದಿದ್ದಾಗ ಅದು ತನ್ನ ತಂತಿಯನ್ನು ಎಂಜಿನ್ನಿನ ಮೈಗೆ, ಅಂದರೆ ಅರ್ತ್‌ಗೆ ಜೋಡಿಸಿ ದೀಪವನ್ನು ಹೊತ್ತಿಸುತ್ತದೆ. ಒತ್ತಡ ಬಂದಾಗ ಒಳಗಿನ ತೆಳುಪೊರೆ ಮೇಲೆದ್ದು ಆ ಸಂಪರ್ಕ ಕಡಿದು ದೀಪ ಆರುತ್ತದೆ. ಆರಲು ಬೇಕಾದ ಒತ್ತಡ ಸಾಮಾನ್ಯವಾಗಿ ಅರ್ಧ ಬಾರ್‌ನ ಆಸುಪಾಸು, ಇಲ್ಲವೇ ಅದಕ್ಕಿಂತ ಕಡಿಮೆ. ಟೈರಿಗೆ 30 ಪಿಎಸ್‌ಐ ಗಾಳಿ ಹಾಕಿಸುವವರಿಗೆ ಇದರ ಅಂದಾಜು ಸಿಗಲಿ: ಅರ್ಧ ಬಾರ್ ಎಂದರೆ ಸುಮಾರು 7 ಪಿಎಸ್‌ಐ ಮಾತ್ರ. ಹಾಗಾಗಿ ದೀಪ ಆರಿದೆ ಎಂದರೆ ಒತ್ತಡ ಸಾಕಷ್ಟಿದೆ ಎಂದು ಅರ್ಥವಲ್ಲ, ಪೂರ್ತಿ ಇಲ್ಲವಾಗಿಲ್ಲ ಎಂದಷ್ಟೇ ಅರ್ಥ. ಓಡುವಾಗ ದೀಪ ಹೊತ್ತಿತು ಎಂದರೆ ಸ್ಥಿತಿ ಆಗಲೇ ಬಹಳ ಕೆಳಕ್ಕೆ ಹೋಗಿದೆ.

ಕೀ ತಿರುಗಿಸಿದಾಗ ದೀಪ ಹೊತ್ತುವುದೇ ಇಲ್ಲ

ಇದನ್ನು ದೋಷವೆಂದು ಗಮನಿಸುವವರು ಕಡಿಮೆ. ಒತ್ತಡದ ದೀಪವಿರುವ ಬೈಕಿನಲ್ಲಿ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಇರುವಾಗ ದೀಪ ಹೊತ್ತಿರಲೇಬೇಕು. ಸ್ಟಾರ್ಟ್ ಆದ ಎರಡು ಮೂರು ಸೆಕೆಂಡುಗಳಲ್ಲಿ ಆರಬೇಕು. ಹೊತ್ತದಿದ್ದರೆ ಬಲ್ಬ್ ಹೋಗಿದೆ, ಸ್ವಿಚ್ಚಿನ ತಂತಿ ಕಳಚಿದೆ ಇಲ್ಲವೇ ಸ್ವಿಚ್ ಕೆಟ್ಟಿದೆ. ಸ್ವಿಚ್ಚಿನ ತುದಿಯಿಂದ ತಂತಿಯನ್ನು ಬಿಡಿಸಿ, ಕೀ ಆನ್ ಇಟ್ಟುಕೊಂಡು ಆ ತಂತಿಯ ತುದಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ. ದೀಪ ಹೊತ್ತಿದರೆ ತಂತಿ, ಬಲ್ಬ್ ಎರಡೂ ಸರಿಯಿದ್ದು, ಕೆಟ್ಟಿರುವುದು ಸ್ವಿಚ್. ಹೊತ್ತದಿದ್ದರೆ ದೋಷ ತಂತಿ ಅಥವಾ ಮೀಟರ್ ಕಡೆಗಿದೆ. ಹಳೆಯ ಬೈಕ್ ಕೊಳ್ಳಲು ಹೋದಾಗ ಇದನ್ನು ತಪ್ಪದೆ ನೋಡಿ. ಒತ್ತಡ ಕಡಿಮೆಯಿರುವ ಎಂಜಿನ್ನನ್ನು ಮಾರಲು ತಂತಿ ಕಳಚಿಡುವುದು ಒಂದು ನಿಮಿಷದ ಕೆಲಸ.

ದೀಪ ಹೊತ್ತಿದೆ, ಬೇರೆ ಲಕ್ಷಣವಿಲ್ಲ: ಮೊದಲು ಆಯಿಲ್ ಮಟ್ಟ

ಬೈಕನ್ನು ಸಮತಟ್ಟಾದ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಡಬಲ್ ಸ್ಟ್ಯಾಂಡ್ ಇಲ್ಲದಿದ್ದರೆ ಒಬ್ಬರು ನೇರವಾಗಿ ಹಿಡಿದುಕೊಳ್ಳಲಿ. ಸೈಡ್ ಸ್ಟ್ಯಾಂಡಿನ ಮೇಲೆ ಬೈಕ್ ಎಡಕ್ಕೆ ವಾಲಿರುವುದರಿಂದ ಮಟ್ಟ ನೋಡಲೆಂದು ಎಂಜಿನ್ನಿನ ಬಲಬದಿಯಲ್ಲಿ ಇಟ್ಟಿರುವ ಗಾಜಿನಲ್ಲಿ ಆಯಿಲ್ ಇಲ್ಲವೆಂಬಂತೆ ಕಾಣುತ್ತದೆ. ಅದನ್ನು ನಂಬಿ ಅರ್ಧ ಲೀಟರ್ ಹೆಚ್ಚು ಸುರಿದವರಿದ್ದಾರೆ. ಈಗತಾನೇ ಓಡಿಸಿದ ಬೈಕಾದರೆ ಮೇಲಿನ ಆಯಿಲ್ ಕೆಳಗಿಳಿಯಲು ಕೆಲವು ನಿಮಿಷ ಬಿಡಿ. ಸೈಲೆನ್ಸರ್ ಮತ್ತು ಎಂಜಿನ್ ಚರ್ಮ ಸುಡುವಷ್ಟು ಬಿಸಿಯಿರುತ್ತವೆ ಎಂಬುದನ್ನು ಮರೆಯಬೇಡಿ.

ಡಿಪ್‌ಸ್ಟಿಕ್ ಇರುವ ಬೈಕಿನಲ್ಲಿ ಅದನ್ನು ಹೊರತೆಗೆದು, ನಾರು ಬಿಡದ ಬಟ್ಟೆಯಿಂದ ಒರೆಸಿ, ಮತ್ತೆ ಇಳಿಸಿ ತೆಗೆಯಬೇಕು. ಕೆಲವು ಬೈಕುಗಳಲ್ಲಿ ಅದನ್ನು ತಿರುಚದೆ ಬಾಯಿಯ ಮೇಲೆ ಕೂರಿಸಿ ನೋಡಬೇಕು, ಕೆಲವದರಲ್ಲಿ ಪೂರ್ತಿ ತಿರುಚಬೇಕು. ಪುಸ್ತಕದಲ್ಲಿ ಹೇಳಿದ ಕ್ರಮ ಬಿಟ್ಟರೆ ಅಳತೆ ತಪ್ಪುತ್ತದೆ. ಕೆಳಗೆರೆ ಮತ್ತು ಮೇಲ್ಗೆರೆಗಳ ನಡುವೆ ಆಯಿಲ್ ಇರಬೇಕು. ಹಳೆಯ ಬೀಡುಕಬ್ಬಿಣದ ಎಂಜಿನ್ನಿನ ಬುಲೆಟ್ ಓಡಿಸಿ ರೂಢಿಯಿದ್ದವರಿಗೆ ಒಂದು ಮಾತು: ಅದು ಆಯಿಲನ್ನು ಬೇರೆ ತೊಟ್ಟಿಯಲ್ಲಿ ಇಡುವ ಡ್ರೈ ಸಂಪ್ ಎಂಜಿನ್, ವಾರಗಟ್ಟಲೆ ನಿಂತರೆ ಆಯಿಲ್ ತೊಟ್ಟಿಯಿಂದ ಕ್ರ್ಯಾಂಕಿನ ಕಡೆಗೆ ಇಳಿದುಬಿಡುವುದರಿಂದ, ಓಡಿಸಿದ ಮೇಲೆಯೇ ಅದರ ಮಟ್ಟ ನೋಡಬೇಕಿತ್ತು. ಆಯಿಲ್ ಎಂಜಿನ್ನಿನ ತಳದಲ್ಲೇ ಇರುವ ಈಗಿನ ವೆಟ್ ಸಂಪ್ ಬೈಕುಗಳ ಲೆಕ್ಕ ಬೇರೆ.

ಮಟ್ಟ ಕೆಳಗೆರೆಗಿಂತ ಇಳಿದಿದ್ದರೆ ನಿಮ್ಮ ಬೈಕಿಗೆ ಹೇಳಿದ ಶ್ರೇಣಿಯ ಆಯಿಲನ್ನೇ ಹಾಕಿ. ಒಮ್ಮೆಗೆ ನೂರು ಮಿಲಿಲೀಟರಿನಷ್ಟು ಹಾಕಿ, ಸ್ವಲ್ಪ ಕಾದು, ಮತ್ತೆ ನೋಡಿ. ಡಬ್ಬಿಯ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ ಎಂದಿರಲಿ, ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್ ಎಂಬುದರ ಗುರುತು ಅದು. ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುವ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರತೊಡಗುತ್ತದೆ. ಮಟ್ಟ ಸರಿಯಾದ ಮೇಲೆ ಸ್ಟಾರ್ಟ್ ಮಾಡಿ. ಐದು ಸೆಕೆಂಡಿನೊಳಗೆ ದೀಪ ಆರದಿದ್ದರೆ ಕೂಡಲೇ ನಿಲ್ಲಿಸಿ.

ದೀಪ ಆರಿತು ಎಂದು ವಿಷಯವನ್ನು ಅಲ್ಲಿಗೇ ಬಿಡಬೇಡಿ, ಆಯಿಲ್ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಬಾಕಿಯಿದೆ. ರಾತ್ರಿ ಬೈಕಿನ ಕೆಳಗೆ ಒಂದು ರಟ್ಟು ಹಾಸಿ ಬೆಳಿಗ್ಗೆ ಹನಿಗಳು ಎಲ್ಲಿ ಬಿದ್ದಿವೆ ನೋಡಿ. ನಡುವೆ ಬಿದ್ದಿದ್ದರೆ ಡ್ರೈನ್ ಬೋಲ್ಟಿನ ವಾಷರ್, ಚೈನ್ ಸ್ಪ್ರಾಕೆಟ್ ಬಳಿ ಬಿದ್ದಿದ್ದರೆ ಅಲ್ಲಿನ ಆಯಿಲ್ ಸೀಲ್, ಸಿಲಿಂಡರಿನ ರೆಕ್ಕೆಗಳ ಮೇಲೆ ಧೂಳು ಕಪ್ಪಾಗಿ ಮೆತ್ತಿದ್ದರೆ ಟ್ಯಾಪೆಟ್ ಕವರ್ ಅಥವಾ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ಇಡುವ ಪದರ). ಹೊರಗೆ ಎಲ್ಲೂ ಸೋರದಿದ್ದರೆ ಆಯಿಲ್ ಒಳಗೇ ಸುಡುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಸವೆದಿರುವ ಸಾಧ್ಯತೆ ಹೆಚ್ಚು. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಬಂದರೆ ಪಿಸ್ಟನ್ ರಿಂಗು, ಬೋರ್ ಕಡೆಗೆ ಕೈ ತೋರಿಸುತ್ತದೆ.

ಮಟ್ಟದ ದೀಪವಿರುವ ಬೈಕಿನಲ್ಲಿ, ಕಡಿದಾದ ಏರಿನಲ್ಲಿ ಅಥವಾ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ದೀಪ ಕ್ಷಣಕಾಲ ಮಿನುಗಿ ಆರುವುದುಂಟು. ಮಟ್ಟ ಕೆಳಗೆರೆಯ ಹತ್ತಿರವಿದೆ ಎಂಬುದರ ಸೂಚನೆ ಅದು. ಒತ್ತಡದ ದೀಪ ಹಾಗೆ ಮಿನುಗಿದರೆ ಪಂಪು ಗಾಳಿ ಎಳೆದುಕೊಂಡಿತು ಎಂದರ್ಥ, ಅದು ಗಂಭೀರ.

ಆಯಿಲ್ ಇದೆ, ಆದರೆ ಬಣ್ಣ ಅಥವಾ ವಾಸನೆ ಬೇರೆ

ಡಿಪ್‌ಸ್ಟಿಕ್ಕಿನ ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ಮೂಗಿನ ಬಳಿ ಹಿಡಿಯಿರಿ. ಕಪ್ಪು ಬಣ್ಣದಿಂದಲೇ ಗಾಬರಿಯಾಗಬೇಕಿಲ್ಲ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸವೇ. ಹನಿ ನೀರಿನಂತೆ ತೆಳುವಾಗಿ, ಬೆರಳಿಗೆ ಜಿಗುಟೇ ಇಲ್ಲದೆ, ಪೆಟ್ರೋಲ್ ವಾಸನೆ ಹೊಡೆದರೆ ಮಾತ್ರ ಎಚ್ಚರವಹಿಸಿ. ಕಾರ್ಬ್ಯುರೇಟರ್ ಇರುವ ಬೈಕುಗಳಲ್ಲಿ ಫ್ಲೋಟಿನ ಸೂಜಿ ಸವೆದು, ಪೆಟ್ರೋಲ್ ಟ್ಯಾಪನ್ನು ರಾತ್ರಿಯಿಡೀ ಆನ್‌ನಲ್ಲೇ ಬಿಟ್ಟರೆ, ಪೆಟ್ರೋಲ್ ಸಿಲಿಂಡರಿನ ಮೂಲಕ ಸಂಪ್‌ಗೆ ಇಳಿಯುತ್ತದೆ. ಆಗ ಆಯಿಲ್ ಮಟ್ಟ ಇಳಿಯುವ ಬದಲು ಮೇಲ್ಗೆರೆ ದಾಟಿ ಏರಿರುತ್ತದೆ. ಕಡಿಮೆಯಾಗಬೇಕಾದ ಆಯಿಲ್ ಹೆಚ್ಚಾಗಿದೆಯೆಂದರೆ ಅದರಲ್ಲಿ ಬೇರೇನೋ ಸೇರಿದೆ. ಅಂಥ ಎಂಜಿನ್ನನ್ನು ಸ್ಟಾರ್ಟ್ ಮಾಡಲೇಬೇಡಿ: ತೆಳುವಾದ ಆಯಿಲ್ ಬೇರಿಂಗನ್ನು ಕಾಯಲಾರದು, ಜೊತೆಗೆ ಸಂಪ್‌ನಲ್ಲಿ ತುಂಬಿರುವ ಪೆಟ್ರೋಲ್ ಆವಿಗೆ ಬೆಂಕಿ ತಗಲುವ ಅಪಾಯವಿದೆ. ಸೂಜಿಯನ್ನು ಸರಿಪಡಿಸಿ, ಆಯಿಲನ್ನೂ ಫಿಲ್ಟರನ್ನೂ ಬದಲಾಯಿಸಿದ ಮೇಲೆಯೇ ಮುಂದಿನ ಮಾತು. ಕೆಲಸ ಮಾಡುವಾಗ ಬೀಡಿ, ಸಿಗರೇಟು, ದೀಪ ಯಾವುದೂ ಹತ್ತಿರ ಬೇಡ.

ಆಯಿಲ್ ಹಾಲು ಹಾಕಿದ ಕಾಫಿಯಂತೆ ಕಂಡರೆ ನೀರು ಸೇರಿದೆ. ರೇಡಿಯೇಟರ್ ಇರುವ ಬೈಕಿನಲ್ಲಿ ನೀರಿನ ಪಂಪಿನ ಸೀಲ್ ಅಥವಾ ಹೆಡ್ ಗ್ಯಾಸ್ಕೆಟ್ ಕೆಟ್ಟು ಕೂಲಂಟ್ ಬೆರೆತಿರಬಹುದು. ನೆರೆನೀರಿನಲ್ಲಿ ಮುಳುಗಿದ ಬೈಕಿಗೂ ಹೀಗಾಗುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಬೈಕಿನಲ್ಲಿ ಆಯಿಲ್ ಮುಚ್ಚಳದ ಒಳಬದಿಗೆ ಮಾತ್ರ ಬಿಳಿ ನೊರೆ ಅಂಟಿ, ಸಂಪ್‌ನ ಆಯಿಲ್ ಸ್ವಚ್ಛವಾಗಿದ್ದರೆ ಅದು ತೇವಾಂಶ ಹನಿಗಟ್ಟಿದ್ದಷ್ಟೇ. ಅರ್ಧ ಗಂಟೆ ಚೆನ್ನಾಗಿ ಓಡಿಸಿದರೆ ಹೋಗುತ್ತದೆ. ಸಂಪ್‌ನ ಆಯಿಲ್ಲೇ ಹಾಲುಹಾಲಾಗಿದ್ದರೆ ಬೈಕನ್ನು ಓಡಿಸಬೇಡಿ.

ಬಿಸಿಯಾದ ಮೇಲೆ, ಐಡ್ಲಿಂಗ್‌ನಲ್ಲಿ ಮಾತ್ರ ಮಿನುಗುತ್ತದೆ

ಬೆಳಿಗ್ಗೆ ಏನೂ ಇಲ್ಲ. ಅರ್ಧ ಗಂಟೆ ಓಡಿಸಿ ಸಿಗ್ನಲ್‌ನಲ್ಲಿ ನಿಂತಾಗ ದೀಪ ಮಿನುಗುತ್ತದೆ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಆರುತ್ತದೆ. ಆಯಿಲ್ ಕಾದಷ್ಟೂ ತೆಳುವಾಗುತ್ತದೆ, ಪಂಪು ನಿಧಾನವಾದಷ್ಟೂ ಕಡಿಮೆ ಕಳುಹಿಸುತ್ತದೆ. ಎರಡೂ ಕೂಡಿದ ಈ ಸ್ಥಿತಿಯೇ ಒತ್ತಡಕ್ಕೆ ಅತ್ಯಂತ ಕಷ್ಟದ ಸಮಯ.

ಅಗ್ಗದ ಕಾರಣಗಳಿಂದ ಹುಡುಕಿ. ಐಡ್ಲಿಂಗನ್ನು, ಅಂದರೆ ಆಕ್ಸಿಲರೇಟರ್ ಕೊಡದಿದ್ದಾಗ ಎಂಜಿನ್ ತಿರುಗುವ ವೇಗವನ್ನು, ಯಾರಾದರೂ ಇಳಿಸಿದ್ದಾರೆಯೇ? ಸೈಲೆನ್ಸರಿನ ಡಬ್ ಡಬ್ ಸದ್ದು ಬಿಡಿಬಿಡಿಯಾಗಿ ಕೇಳಲೆಂದು ಐಡ್ಲಿಂಗನ್ನು ತೀರ ಕೆಳಕ್ಕೆ ಇಳಿಸುವ ಚಟ ನಮ್ಮಲ್ಲಿ ಇದೆ, ಅದರ ಬೆಲೆಯನ್ನು ಎಂಜಿನ್ ತೆರುತ್ತದೆ. ಪುಸ್ತಕದಲ್ಲಿರುವ ಆರ್‌ಪಿಎಂಗೆ ಅದನ್ನು ತಂದು ನೋಡಿ. ಎರಡನೆಯದು ಆಯಿಲ್‌ನ ಶ್ರೇಣಿ ಮತ್ತು ವಯಸ್ಸು. 15ಡಬ್ಲ್ಯು-50 ಬೇಡುವ ಎಂಜಿನ್ನಿಗೆ ‘ಮೈಲೇಜ್ ಬರುತ್ತದೆ’ ಎಂದು 10ಡಬ್ಲ್ಯು-30 ಹಾಕಿದರೆ ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಬಿಸಿಲಿಗೆ ಹೀಗೆ ದೀಪ ಮಿನುಗಬಹುದು. ಹಿಂದಿನ ಸಂಖ್ಯೆ, ಅಂದರೆ 50 ಅಥವಾ 30, ಕಾದಾಗ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ಸೀಲ್ ಒಡೆಯದ ಡಬ್ಬಿಯಿಂದ, ನಿಮ್ಮ ಕಣ್ಣೆದುರಿಗೇ ಆಯಿಲ್ ಹಾಕಿಸಿ, ಖಾಲಿ ಡಬ್ಬಿಯನ್ನು ಜಜ್ಜಿ ಬಿಸಾಡಿ. ಅದೇ ಡಬ್ಬಿಗೆ ಕಳಪೆ ಆಯಿಲ್ ತುಂಬಿ ಮಾರುವವರಿಗೆ ದಾರಿ ಮಾಡಿಕೊಡಬೇಡಿ.

ಸರಿಯಾದ ಹೊಸ ಆಯಿಲ್, ಹೊಸ ಫಿಲ್ಟರ್, ಸರಿಯಾದ ಐಡ್ಲಿಂಗ್ ಇದ್ದೂ ಮಿನುಗಿದರೆ ಸ್ವಿಚ್ ದುರ್ಬಲವಾಗಿರಬಹುದು, ಒತ್ತಡ ಬಿಡುಗಡೆಯ ವಾಲ್ವ್ ಕಸ ಸಿಕ್ಕಿ ಅರೆತೆರೆದು ನಿಂತಿರಬಹುದು, ಪಂಪು ಅಥವಾ ಬೇರಿಂಗ್ ಸವೆದಿರಬಹುದು. ದೀಪ ಆರಿಸಲೆಂದು ಇನ್ನೂ ದಪ್ಪನೆಯ ಆಯಿಲ್ ಹಾಕುವ ಸಲಹೆ ಕೇಳಬರುತ್ತದೆ. ಸವೆದ ಬೇರಿಂಗ್ ಅದರಿಂದ ಮತ್ತೆ ಕೂಡಿಕೊಳ್ಳುವುದಿಲ್ಲ, ದೀಪದ ಬಾಯಿ ಮಾತ್ರ ಮುಚ್ಚುತ್ತದೆ. ಗೇಜ್ ಹಾಕಿ ಅಳೆಯುವ ಹೊತ್ತು ಇದು.

ವೇಗದಲ್ಲಿ ಹೊತ್ತಿ, ನಿಧಾನವಾದರೆ ಆರುತ್ತದೆ

ಹಿಂದಿನದಕ್ಕೆ ತದ್ವಿರುದ್ಧವಾದ ಈ ಲಕ್ಷಣವನ್ನು ನಾನು ಬಹಳ ಹಣ ತೆತ್ತು ಕಲಿತಿದ್ದೇನೆ. ನನ್ನ ಬೈಕಿಗೆ ಗ್ಯಾರೇಜ್ ಒಂದರಲ್ಲಿ ಕ್ಲಚ್ ಪ್ಲೇಟುಗಳನ್ನು ಬದಲಾಯಿಸಿ ಮೂರು ತಿಂಗಳಾಗಿತ್ತು. ಹಾಸನದಿಂದ ಸಕಲೇಶಪುರದ ಕಡೆಗೆ ಹೋಗುವಾಗ, ಆರ್‌ಪಿಎಂ ಏರಿಸಿ ಲಾರಿಯೊಂದನ್ನು ಹಿಂದಿಕ್ಕಿದೊಡನೆ ಕೆಂಪು ದೀಪ ಒಮ್ಮೆ ಹೊಳೆದು ಹೋಯಿತು. ನಿಲ್ಲಿಸಿ ನೋಡಿದೆ, ಗಾಜಿನಲ್ಲಿ ಆಯಿಲ್ ಮೇಲ್ಗೆರೆಯ ಹತ್ತಿರವೇ ಇತ್ತು, ಐಡ್ಲಿಂಗ್‌ನಲ್ಲಿ ದೀಪ ಆರಿತ್ತು. ಆಯಿಲ್ ಇದೆಯಲ್ಲ ಎಂದು ಧೈರ್ಯ ತಂದುಕೊಂಡು ಹೊರಟೆ. ಮುಂದಿನ ಏರಿನಲ್ಲಿ ದೀಪ ಹೊತ್ತಿ ಉಳಿಯಿತು.

ಬೈಕನ್ನು ಗೂಡ್ಸ್ ಆಟೊದಲ್ಲಿ ತಂದು, ಬೇರೊಬ್ಬ ಅನುಭವಿ ಮೆಕ್ಯಾನಿಕ್ ಬಲಬದಿಯ ಕವರ್ ತೆಗೆದು, ಸಂಪ್‌ನ ತಳದಲ್ಲಿದ್ದ ಜಾಳಿಗೆಯನ್ನು ಎಳೆದು ನನ್ನ ಅಂಗೈ ಮೇಲೆ ಇಟ್ಟರು. ಅಕ್ಕಿಯ ನುಚ್ಚು ಜರಡಿ ಹಿಡಿಯುವಂತಹ ಸಣ್ಣ ತಂತಿಬಲೆ. ಅದರ ಮುಕ್ಕಾಲು ಭಾಗಕ್ಕೆ ಬೂದುಬಣ್ಣದ ರಬ್ಬರಿನ ಎಳೆಗಳು ಶಾವಿಗೆಯಂತೆ ಸುತ್ತಿಕೊಂಡಿದ್ದವು. ಹಿಂದಿನ ಗ್ಯಾರೇಜಿನವರು ಕ್ಲಚ್ ಕವರನ್ನು ಮುಚ್ಚುವಾಗ ಹೊಸ ಗ್ಯಾಸ್ಕೆಟ್ ಹಾಕುವ ಬದಲು ಸಿಲಿಕಾನ್ ಪೇಸ್ಟನ್ನು ಧಾರಾಳವಾಗಿ ಬಳಿದಿದ್ದರು. ಒಳಕ್ಕೆ ಉಬ್ಬಿದ ಪೇಸ್ಟು ಒಣಗಿ, ಕಳಚಿ, ಪಂಪಿನ ಬಾಯಿಗೆ ಬಂದು ಸಿಕ್ಕಿಕೊಂಡಿತ್ತು. ಐಡ್ಲಿಂಗ್‌ನಲ್ಲಿ ಪಂಪು ಕೇಳುವ ಆಯಿಲ್ ಉಳಿದ ಕಾಲುಭಾಗದ ಬಲೆಯಿಂದ ಸಾಕಾಗುತ್ತಿತ್ತು, ವೇಗದಲ್ಲಿ ಸಾಲುತ್ತಿರಲಿಲ್ಲ.

ಕಾರಣಗಳನ್ನು ಅನುಕ್ರಮವಾಗಿ ನೋಡುವುದಾದರೆ: ಆಯಿಲ್ ಮಟ್ಟ ಕಡಿಮೆಯಿದ್ದು, ವೇಗದಲ್ಲಿ ಹೆಚ್ಚಿನದು ಮೇಲಕ್ಕೆ ಹೋಗಿ ಸಂಪ್ ಬರಿದಾಗುವುದು, ಆಯಿಲ್ ಮೇಲ್ಗೆರೆ ಮೀರಿ ತುಂಬಿ, ಕ್ರ್ಯಾಂಕ್ ಕಡೆದು ಮಜ್ಜಿಗೆಯಂತೆ ನೊರೆಯಾಗುವುದು, ಜಾಳಿಗೆ ಕಟ್ಟಿಕೊಳ್ಳುವುದು. ಮೊದಲಿನ ಎರಡನ್ನು ರಸ್ತೆಬದಿಯಲ್ಲೇ ನೋಡಬಹುದು. ಮೂರನೆಯದಕ್ಕೆ ಜಾಳಿಗೆ ಎಲ್ಲಿದೆ ಎಂಬುದರ ಮೇಲೆ ಕೆಲಸ ನಿಂತಿದೆ: ಕೆಲವು ಬೈಕುಗಳಲ್ಲಿ ಒಂದು ದೊಡ್ಡ ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ, ಕೆಲವದರಲ್ಲಿ ಕ್ಲಚ್ ಕವರ್ ತೆಗೆಯಲೇಬೇಕು. ಎಂಜಿನ್ ಕವರ್ ತೆಗೆಯುವ ಯಾವುದೇ ಕೆಲಸಕ್ಕೆ ಹೊಸ ಗ್ಯಾಸ್ಕೆಟ್ ಹಾಕಿ ಎಂದು ಮೊದಲೇ ಹೇಳಿ, ಹಳೆಯದನ್ನು ತೋರಿಸಲು ಕೇಳಿ.

ಸರ್ವಿಸ್ ಮಾಡಿಸಿದ ಕೂಡಲೇ ದೀಪ ಹೊತ್ತಿತು

ನಿನ್ನೆಯವರೆಗೆ ಸರಿಯಿದ್ದು ಆಯಿಲ್ ಬದಲಾಯಿಸಿದ ಮೇಲೆ ಬಂದ ದೋಷಕ್ಕೆ ಕಾರಣ ಬದಲಾಯಿಸಿದ ಜಾಗದಲ್ಲೇ ಇರುತ್ತದೆ. ಹೊಸ ಫಿಲ್ಟರ್ ತುಂಬಲು ಹೊತ್ತು ಬೇಕಾಗುವುದರಿಂದ ಮೊದಲ ಸಲ ದೀಪ ಆರಲು ಕೆಲವು ಸೆಕೆಂಡು ಹೆಚ್ಚು ಹಿಡಿಯಬಹುದು. ಐದಾರು ಸೆಕೆಂಡು ದಾಟಿದರೆ ನಿಲ್ಲಿಸಿ. ಹಳೆಯ ಆಯಿಲ್ ಇಳಿಸಿ ಹೊಸದನ್ನು ತುಂಬಲು ಮರೆತ ಪ್ರಸಂಗಗಳು ನಿಜಕ್ಕೂ ಇವೆ, ಆದ್ದರಿಂದ ಮತ್ತೆ ಮಟ್ಟ ನೋಡಿ.

ಬಳಿಕ ಫಿಲ್ಟರ್. ಕವರಿನೊಳಗೆ ಕೂರುವ ಫಿಲ್ಟರಿಗೆ ಒಳಬದಿ, ಹೊರಬದಿ ಎಂದಿರುತ್ತದೆ. ಹಿಂದುಮುಂದಾಗಿ ಹಾಕಿದರೆ ಆಯಿಲ್ ಹರಿಯುವ ದಾರಿಯೇ ಮುಚ್ಚಬಹುದು. ಅದರ ಜೊತೆ ಬರುವ ಓ-ರಿಂಗ್ ಬಿಟ್ಟುಹೋಗಿದ್ದರೆ ಒತ್ತಡ ಒಳಗೊಳಗೇ ಸೋರಿಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ತಿರುಚಿ ಕೂರಿಸುವ ಡಬ್ಬಿಯಂತಹ ಫಿಲ್ಟರಿನಲ್ಲಿ ಹಳೆಯ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು, ಅದರ ಮೇಲೆ ಹೊಸದು ಕೂರುವುದು ಸಾಮಾನ್ಯ ತಪ್ಪು. ಎರಡು ಉಂಗುರ ಒಂದರ ಮೇಲೊಂದು ನಿಲ್ಲಲಾರದೆ, ಎಂಜಿನ್ ಜೋರಾಗಿ ತಿರುಗಿದಾಗ ಜಾರಿ, ಕ್ಷಣಗಳಲ್ಲಿ ಆಯಿಲ್ಲೆಲ್ಲ ರಸ್ತೆಗೆ ಸುರಿಯುತ್ತದೆ. ಹಳೆಯ ಫಿಲ್ಟರನ್ನು ಕೈಗೆ ತೆಗೆದುಕೊಂಡು ಅದರ ಉಂಗುರ ಅದರಲ್ಲೇ ಇದೆಯೇ ಎಂದು ನೋಡುವುದಕ್ಕೆ ಏನೂ ಖರ್ಚಿಲ್ಲ.

ಮನೆಯಲ್ಲೇ ಆಯಿಲ್ ಇಳಿಸುವವರು ಕೈಗವಸು ಹಾಕಿಕೊಳ್ಳಿ, ಎಂಜಿನ್ ಉಗುರುಬೆಚ್ಚಗೆ ಇರಲಿ, ಕಾದಿರಬಾರದು. ಹಳೆಯ ಆಯಿಲನ್ನು ಚರಂಡಿಗೂ ಮಣ್ಣಿಗೂ ಸುರಿಯದೆ ಡಬ್ಬಿಯಲ್ಲಿ ತುಂಬಿಸಿ, ಹಳೆಯ ಆಯಿಲ್ ಸಂಗ್ರಹಿಸಿ ಸಂಸ್ಕರಣೆಗೆ ಕಳುಹಿಸುವ ಸರ್ವಿಸ್ ಸೆಂಟರಿಗೆ ಕೊಡಿ.

ಮಳೆ, ಗುಂಡಿ ಅಥವಾ ವಾಟರ್ ಸರ್ವಿಸ್ ಆದ ಮೇಲೆ ಹೊತ್ತಿತು

ಎಂಜಿನ್ ಸದ್ದಿನಲ್ಲಿ ಬದಲಾವಣೆಯಿಲ್ಲ, ಮಟ್ಟ ಸರಿಯಿದೆ, ದೀಪ ಮಾತ್ರ ಹ್ಯಾಂಡಲ್ ತಿರುಗಿಸಿದಾಗಲೋ ಗುಂಡಿಗೆ ಇಳಿದಾಗಲೋ ಮಿನುಗುತ್ತದೆ, ಅಥವಾ ತೊಳೆಸಿದ ಮೇಲೆ ಮಂಕಾಗಿ ಉರಿಯುತ್ತದೆ ಎಂದರೆ ವೈರಿಂಗ್ ಕಡೆಗೆ ಅನುಮಾನ ಹೋಗಬೇಕು. ಸ್ವಿಚ್ಚಿನ ಕನೆಕ್ಟರಿಗೆ ನೀರು ನುಗ್ಗಿದರೆ ಅಲ್ಪ ವಿದ್ಯುತ್ ಅರ್ತ್‌ಗೆ ಹರಿದು, ಎಲ್‌ಇಡಿ ದೀಪ ಅಷ್ಟಕ್ಕೇ ಮಸುಕಾಗಿ ಬೆಳಗುತ್ತದೆ, ಒಣಗಿಸಿದರೆ ಸಾಕು.

ಪರೀಕ್ಷೆ ಹೀಗೆ: ಎಂಜಿನ್ ಆಫ್, ಕೀ ಆನ್. ಸ್ವಿಚ್ಚಿನ ತಂತಿಯನ್ನು ಕಳಚಿ, ಯಾವ ಲೋಹಕ್ಕೂ ತಾಗದಂತೆ ಹಿಡಿಯಿರಿ. ದೀಪ ಆರದೆ ಉಳಿದರೆ ತಂತಿಯ ಮೇಲಿನ ರಬ್ಬರ್ ಎಲ್ಲೋ ಸವೆದು ಚಾಸಿಗೆ ತಾಗುತ್ತಿದೆ. ಹ್ಯಾಂಡಲ್ ಕುತ್ತಿಗೆ, ಟ್ಯಾಂಕಿನ ಅಡಿ, ಎಂಜಿನ್ ಬೋಲ್ಟುಗಳ ಬಳಿ ಹುಡುಕಿ. ದೀಪ ಆರಿದರೆ ತಂತಿ ಸರಿಯಿದೆ. ಉಳಿದದ್ದು ಸ್ವಿಚ್ ಅಥವಾ ನಿಜವಾದ ಒತ್ತಡದ ಕೊರತೆ. ಈ ಪರೀಕ್ಷೆಯ ಬಗ್ಗೆ ಜನ ತಪ್ಪು ತಿಳಿಯುವುದು ಇಲ್ಲೇ: ತಂತಿ ಕಳಚಿದಾಗ ದೀಪ ಆರಿದರೆ ಎಂಜಿನ್ ಕ್ಷೇಮ ಎಂದು ಸಾಬೀತಾದಂತಲ್ಲ. ತಂತಿ ಕಳಚಿಟ್ಟುಕೊಂಡು ಮನೆಯವರೆಗೆ ಓಡಿಸುವುದು ಕಣ್ಣು ಕಟ್ಟಿಕೊಂಡು ನಡೆದಂತೆ.

ಸ್ವಿಚ್ಚಿನ ತಲೆಯಿಂದ ಆಯಿಲ್ ಜಿನುಗಿ ಕನೆಕ್ಟರ್ ತೊಯ್ದಿದ್ದರೆ ಒಳಗಿನ ಪೊರೆ ಹರಿದಿದೆ, ಸ್ವಿಚ್ ಬದಲಾಯಿಸಿ. ಹೊಸದನ್ನು ಕೂರಿಸುವಾಗ ಬಿಳಿ ಟೆಫ್ಲಾನ್ ಟೇಪ್ ಸುತ್ತಬೇಡಿ. ಒಂದೇ ತಂತಿಯ ಸ್ವಿಚ್ ತನ್ನ ತಿರುಪಿನ ಮರೆಯ (ಥ್ರೆಡ್) ಮೂಲಕವೇ ಅರ್ತ್ ಪಡೆಯುವುದರಿಂದ ಟೇಪ್ ಅದನ್ನು ತಡೆಯಬಹುದು, ಟೇಪಿನ ಚೂರು ಆಯಿಲ್ ದಾರಿಗೆ ಬೀಳಬಹುದು. ಅಲ್ಯೂಮಿನಿಯಂ ಕವರಿನ ಮರೆ ಬಲು ಬೇಗ ಹಾಳಾಗುತ್ತದೆ. ಪುಸ್ತಕದಲ್ಲಿ ಹೇಳಿದ ಟಾರ್ಕಿಗಿಂತ ಒಂದಿಷ್ಟೂ ಹೆಚ್ಚು ಬಿಗಿಯಬೇಡಿ.

ಗೇಜ್ ಹಾಕಿ ಅಳೆಯುವುದು

ಮೇಲಿನ ಯಾವುದರಿಂದಲೂ ಕಾರಣ ಸಿಗದಿದ್ದರೆ, ಸ್ವಿಚ್ ಬಿಚ್ಚಿ ಅದೇ ತೂತಿಗೆ ಒತ್ತಡದ ಗೇಜ್ ತಿರುಚಿ, ಎಂಜಿನ್ ಕಾದ ಮೇಲೆ ಪುಸ್ತಕದಲ್ಲಿ ಹೇಳಿದ ಆರ್‌ಪಿಎಂನಲ್ಲಿ ಅಳೆಯಬೇಕು. ಇದನ್ನು ಮನೆಯಲ್ಲಿ ಮಾಡಬೇಡಿ. ಸರಿಯಾದ ಅಡಾಪ್ಟರ್ ಇಲ್ಲದೆ ಪೈಪು ಕಳಚಿದರೆ ಕಾದ ಆಯಿಲ್ ಮುಖಕ್ಕೆ ಚಿಮ್ಮುತ್ತದೆ. ಗೇಜಿನಲ್ಲಿ ಒತ್ತಡ ಸರಿಯಿದ್ದರೆ ಕೆಟ್ಟಿದ್ದು ಸ್ವಿಚ್, ಕೆಲವು ನೂರು ರೂಪಾಯಿಯ ಮಾತು. ಕಡಿಮೆಯಿದ್ದರೆ ಬಿಡುಗಡೆಯ ವಾಲ್ವ್, ಜಾಳಿಗೆ, ಪಂಪು, ಕೊನೆಗೆ ಬೇರಿಂಗ್ ಎಂಬ ಅನುಕ್ರಮದಲ್ಲಿ ಬಿಚ್ಚುತ್ತಾ ಹೋಗಬೇಕು. ಗೇಜ್ ಹಾಕದೆಯೇ ‘ಎಂಜಿನ್ ಬಿಚ್ಚಬೇಕು’ ಎನ್ನುವವರ ಮಾತಿಗೆ ಒಪ್ಪಬೇಡಿ, ಗೇಜ್ ಹಾಕದೆಯೇ ‘ಸೆನ್ಸರ್ ಕಂಪ್ಲೇಂಟ್, ಓಡಿಸಿ’ ಎನ್ನುವವರ ಮಾತಿಗೂ ಒಪ್ಪಬೇಡಿ.

ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿಯುವಂತೆ ಮೆಕ್ಯಾನಿಕ್‌ಗೆ ಹೇಳಿ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿದ ನಯವಾದ ಬೂದು ಹಿಟ್ಟು ಸಹಜ ಸವೆತ. ಉಗುರಿಗೆ ಸಿಗುವಷ್ಟು ದೊಡ್ಡ ಚೂರುಗಳು, ಹಿತ್ತಾಳೆ ಬಣ್ಣದ ಅಥವಾ ಬೆಳ್ಳಿಯಂತೆ ಹೊಳೆಯುವ ತೆಳು ಚಕ್ಕೆಗಳು ಕಂಡರೆ ಒಳಗಿನ ಭಾಗವೊಂದು ಒಡೆಯುತ್ತಿದೆ, ಬಿಚ್ಚದೆ ಬೇರೆ ದಾರಿಯಿಲ್ಲ. ಗ್ಯಾರೇಜಿಗೆ ಹೋದಾಗ ದೀಪ ಬಿಸಿಯಲ್ಲೋ ತಣ್ಣಗಿದ್ದಾಗಲೋ, ಐಡ್ಲಿಂಗ್‌ನಲ್ಲೋ ವೇಗದಲ್ಲೋ ಹೊತ್ತಿದ್ದು, ಹೊತ್ತಿದ ಮೇಲೆ ಎಷ್ಟು ದೂರ ಓಡಿಸಿದಿರಿ, ಕೊನೆಯ ಸಲ ಯಾವ ಆಯಿಲ್ ಹಾಕಿಸಿದ್ದು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಓಡಿಸಿದ ದೂರವನ್ನು ಮುಚ್ಚಿಡಬೇಡಿ. ದುರಸ್ತಿಯಾದ ಮೇಲೆ ಅಲ್ಲಿಯೇ ಕೀ ಆನ್ ಮಾಡಿ ದೀಪ ಹೊತ್ತುವುದನ್ನೂ, ಸ್ಟಾರ್ಟ್ ಆದೊಡನೆ ಆರುವುದನ್ನೂ ಕಣ್ಣಾರೆ ನೋಡಿ, ಇಪ್ಪತ್ತು ನಿಮಿಷ ಓಡಿಸಿ ಬಂದು, ಐಡ್ಲಿಂಗ್‌ನಲ್ಲಿ ನಿಲ್ಲಿಸಿ ಮತ್ತೊಮ್ಮೆ ನೋಡಿದ ಬಳಿಕ ಹಣ ಕೊಡಿ.